ಮನೇಲಿ ರೆಕಾರ್ಡ್ ಮಾಡಿದ ಹಾಡು ಸಣ್ಣಗೆ ಕೇಳುತ್ತೆ, ಜೋರು ಮಾಡಿದ್ರೆ ಒಡೆಯುತ್ತೆ

ಶ್ರುತಿಪೆಟ್ಟಿಗೆ:

ಎಲ್ರಿಗೂ ನಮಸ್ಕಾರ. ನಮ್ಮಮ್ಮಂಗೆ ಈಗ 71 ವರ್ಷ. ಅವರಿಗೆ ಬರೋ ದಾಸರ ಪದ, ಹಸೆ ಹಾಡು, ಆರತಿ ಹಾಡು ಎಲ್ಲಾ ಸೇರಿದ್ರೆ ನೂರರ ಮೇಲಿದೆ, ಅದರಲ್ಲಿ ಅರ್ಧಕ್ಕರ್ಧ ಎಲ್ಲೂ ಬರೆದಿಟ್ಟಿಲ್ಲ, ಅವರ ಬಾಯಲ್ಲೇ ಇರೋದು. ಅದಕ್ಕೇ ಹೋದ ದೀಪಾವಳಿಯಿಂದ ಒಂದೊಂದಾಗಿ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕ್ತಾ ಇದೀನಿ. ಅಮ್ಮ ಹಾಡ್ತಾರೆ, ನಾನು ಹಾರ್ಮೋನಿಯಂ, ಚಿಕ್ಕಪ್ಪನ ಮಗ ತಬಲಾ. ಶಿವಮೊಗ್ಗದ ಹಳೇ ಮನೆ, ನಡುಮನೇಲಿ ಚಾಪೆ ಹಾಸ್ಕೊಂಡು ಕೂತ್ಕೋತೀವಿ. ಎರಡು ಮೈಕ್ ಹಾಕೋ ಇಂಟರ್ಫೇಸು, ಅಮ್ಮನ ಮುಂದೆ ಒಂದು ಕಂಡೆನ್ಸರ್ ಮೈಕು, ಹಾರ್ಮೋನಿಯಂಗೂ ತಬಲಾಕ್ಕೂ ಸೇರಿ ಮಧ್ಯದಲ್ಲೊಂದು ಡೈನಾಮಿಕ್ ಮೈಕು. ರೆಕಾರ್ಡ್ ಮಾಡೋದು ಲ್ಯಾಪ್‌ಟಾಪಲ್ಲಿ, ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರಲ್ಲಿ.

ತೊಂದರೆ ಏನಂದ್ರೆ ತುಂಬಾ ಸಣ್ಣಗೆ ಕೇಳುತ್ತೆ. ಮೈಸೂರಲ್ಲಿರೋ ಅತ್ತೆ ಫೋನ್ ಮಾಡಿ "ಹಾಡು ಚೆನ್ನಾಗಿದೆ ಕಣೇ, ಆದ್ರೆ ಫೋನು ಕಿವಿ ಹತ್ರ ಹಿಡ್ಕೊಂಡ್ರೂ ಸರಿಯಾಗಿ ಕೇಳ್ಸಲ್ಲ, ವಾಲ್ಯೂಮ್ ಪೂರ್ತಿ ಇಟ್ಟಿದ್ದೆ, ಅದು ಮುಗಿದು ಬೇರೆ ಯಾವ್ದೋ ಹಾಡು ತಾನಾಗೇ ಬಂತು ನೋಡು, ಬೆಚ್ಚಿಬಿದ್ದೆ" ಅಂದ್ರು.

ಸರಿ ಅಂತ ನಾರ್ಮಲೈಸ್ ಮಾಡ್ದೆ, ಒಂಚೂರೂ ವ್ಯತ್ಯಾಸ ಬರ್ಲಿಲ್ಲ. ಫೇಡರ್ (ಟ್ರ್ಯಾಕಿನ ವಾಲ್ಯೂಮ್) ಏರಿಸಿದ್ರೆ ಕೆಂಪು ಲೈಟು. ಯಾವ್ದೋ ವೀಡಿಯೊ ನೋಡಿ ಕೊನೇಲಿ ಒಂದು ಲಿಮಿಟರ್ (ಸದ್ದು ಒಂದು ಮಟ್ಟ ದಾಟದ ಹಾಗೆ ಒತ್ತಿಹಿಡಿಯೋದು) ಹಾಕಿ 12 ಡಿಬಿ (ಡೆಸಿಬೆಲ್) ಏರಿಸ್ದೆ, ಜೋರೇನೋ ಆಯ್ತು, ಆದ್ರೆ ಡಗ್ಗದ (ತಬಲಾ ಜೋಡಿಯ ಎಡಗೈ ವಾದ್ಯ) ಪ್ರತಿ ಪೆಟ್ಟಿಗೂ ಬೊಡ್ ಬೊಡ್ ಅನ್ನುತ್ತೆ, ಪೆಟ್ಟು ಬಿದ್ದಾಗೆಲ್ಲ ಅಮ್ಮನ ದನಿ ಒಳಗೆ ಹೋಗಿ ಮತ್ತೆ ಮೇಲೆ ಬರುತ್ತೆ, 'ಸ' ಅಕ್ಷರ ಬಂದ ಕಡೆಯೆಲ್ಲ ಕಿವಿ ಚುಚ್ಚುತ್ತೆ. ಅಮ್ಮಂಗೆ ಕೇಳಿಸ್ದೆ, "ಇದು ನನ್ನ ದನಿನೇ ಅಲ್ವಲ್ಲ" ಅಂದ್ರು. ಅಂಗಡಿಯವರೊಬ್ರು ಮೈಕೇ ಸರಿ ಇಲ್ಲ, 30 ಸಾವಿರದ್ದು ತಗೊಳ್ಳಿ ಅಂತಿದಾರೆ. ತಗೋಬೇಕಾ? ಒಡೆಯದ ಹಾಗೆ ಜೋರು ಮಾಡೋದು ಹೇಗೆ, ದಯವಿಟ್ಟು ಗೊತ್ತಿರೋರು ಹೇಳಿ.


ಮೀಟರ್_ನೋಡಿ:

ಮೇಡಂ, ಮೊದಲು ಮೈಕ್ ವಿಚಾರ ಬಿಡಿ. ಈಗಿರೋ ಮೈಕಲ್ಲೇ ಆಗುತ್ತೆ, ದುಡ್ಡು ಹಾಕ್ಬೇಡಿ.

ನಾರ್ಮಲೈಸ್ ಯಾಕೆ ಕೆಲ್ಸ ಮಾಡ್ಲಿಲ್ಲ ಅಂದ್ರೆ, ಅದು ನೋಡೋದು ಇಡೀ ಹಾಡಲ್ಲಿ ಎಲ್ಲಕ್ಕಿಂತ ಎತ್ತರ ಇರೋ ಒಂದೇ ಒಂದು ಪೀಕ್. ಆ ಪೀಕ್ ಸೊನ್ನೆ ಡಿಬಿ ಮುಟ್ಟೋವರೆಗೆ ಎಲ್ಲಾನೂ ಒಟ್ಟಿಗೆ ಏರಿಸುತ್ತೆ, ಅಷ್ಟೆ. ಡಿಜಿಟಲಲ್ಲಿ ಸೊನ್ನೆ ಅಂದ್ರೆ ಸೂರು, ಅದರ ಮೇಲೆ ಜಾಗವೇ ಇಲ್ಲ, ಹೋದದ್ದು ಕತ್ತರಿಸಿಹೋಗುತ್ತೆ, ನಿಮಗೆ ಒಡೆದ ಹಾಗೆ ಕೇಳೋದು ಅದೇ. ಬಸ್ಸಿನ ಟಾಪ್ ಮೇಲೆ ಯಾರೋ ಒಂದು ಸೈಕಲ್ ನೆಟ್ಟಗೆ ನಿಲ್ಲಿಸಿದ್ರೆ ಇಡೀ ಬಸ್ಸು ಸೇತುವೆ ಕೆಳಗೆ ಹೋಗಲ್ಲ ಅಲ್ವಾ, ಎತ್ತರ ಇರೋದು ಬಸ್ಸಲ್ಲ, ಸೈಕಲ್ಲು. ನಿಮ್ಮ ಹಾಡಲ್ಲಿ ಆ ಸೈಕಲ್ಲು ಡಗ್ಗ ಅಂತ ನನ್ನ ಅನುಮಾನ.

ಎರಡು ನಂಬರ್ ಬೇಕು. ಒಂದು ಪೀಕು, ಇನ್ನೊಂದು ಲಫ್ಸ್. ಲಫ್ಸ್ ಅಂದ್ರೆ ನಮ್ಮ ಕಿವಿಗೆ ಒಟ್ಟಾರೆ ಎಷ್ಟು ಜೋರು ಅನ್ನಿಸುತ್ತೆ ಅನ್ನೋ ಅಳತೆ, 2006ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದವರು ಪ್ರಸಾರದವರಿಗೆ ಅಂತ ಇದನ್ನ ಅಳೆಯೋ ವಿಧಾನ ಕೊಟ್ರು, ಈಗ ಎಲ್ಲಾ ಕಡೆ ಅದೇ. ರೀಪರಲ್ಲಿ ರೆಂಡರ್ ವಿಂಡೋ ತೆಗೆದು ಡ್ರೈ ರನ್ ಕೊಟ್ರೆ ಫೈಲ್ ಮಾಡದೇ ನಂಬರ್ ತೋರಿಸುತ್ತೆ. ಇಲ್ಲಾಂದ್ರೆ ಯೂಲೀನ್ ಲೌಡ್‌ನೆಸ್ ಮೀಟರ್ ಅಂತ ಒಂದಿದೆ, ಫ್ರೀ ವರ್ಷನ್ನೇ ಸಾಕು. ಲಿಮಿಟರ್ ತೆಗೆದು, ಪೂರ್ತಿ ಹಾಡು ಅಳೆದು ಹೇಳಿ. ಆಮೇಲೆ ಎರಡನೇ ಟ್ರ್ಯಾಕ್ ಮ್ಯೂಟ್ ಮಾಡಿ ಅಮ್ಮನ ದನಿ ಒಂದನ್ನೇ ಅಳೀರಿ.


ಶ್ರುತಿಪೆಟ್ಟಿಗೆ:

ಅಳೆದೆ ಸರ್. ಪೂರ್ತಿ ಹಾಡು ಮೈನಸ್ 25.8 ಲಫ್ಸ್, ಪೀಕು ಮೈನಸ್ 0.4. ಅಮ್ಮನ ಟ್ರ್ಯಾಕ್ ಒಂದೇ ಅಂದ್ರೆ ಮೈನಸ್ 28, ಪೀಕು ಮೈನಸ್ 11. ನೀವು ಹೇಳಿದ್ದು ಸರಿ, ಝೂಮ್ ಮಾಡಿ ನೋಡ್ದೆ, ಚರಣ ಮುಗಿದು ಪಲ್ಲವಿಗೆ ವಾಪಸ್ ಬರೋವಾಗ ತಮ್ಮ ಒಂದು ಜೋರಾದ ಪೆಟ್ಟು ಕೊಡ್ತಾನೆ, ಅಲ್ಲೆಲ್ಲ ಮೊಳೆ ಹೊಡೆದ ಹಾಗೆ ಒಂದೊಂದು ಗೆರೆ ಮೇಲೆದ್ದಿದೆ, ಅಮ್ಮನ ದನಿ ಕೆಳಗೆ ಸಣ್ಣ ಹುಳದ ಥರ ಇದೆ.


ಮೀಟರ್_ನೋಡಿ:

ನೋಡಿದ್ರಾ, ಅಮ್ಮನ ದನಿಗೂ ಸೂರಿಗೂ ಮಧ್ಯ 11 ಡಿಬಿ ಜಾಗ ಖಾಲಿ ಇದೆ, ಆ ಜಾಗವನ್ನೆಲ್ಲ ಹಾಡಲ್ಲಿ ಏಳೆಂಟು ಸಲ ಬರೋ ಡಗ್ಗದ ಪೆಟ್ಟು ತಿಂತಾ ಇದೆ. ನಮಗೆ ಬೇಕಾಗಿರೋದು ಸುಮಾರು ಮೈನಸ್ 16 ಲಫ್ಸ್, ಅಂದ್ರೆ 10 ಡಿಬಿ ಹತ್ರ ಏರ್ಬೇಕು. ಕಿವಿಗೆ 10 ಡಿಬಿ ಅಂದ್ರೆ ಹೆಚ್ಚು ಕಮ್ಮಿ ಎರಡರಷ್ಟು ಜೋರು. ಇಷ್ಟನ್ನೂ ಕೊನೇ ಲಿಮಿಟರ್ ಒಂದರ ತಲೆ ಮೇಲೆ ಹಾಕಿದ್ರಿ, ಅದಕ್ಕೇ ಒಡೀತು. ಲಿಮಿಟರ್ ಡಗ್ಗ ಒತ್ತೋವಾಗ ಜೊತೇಲಿರೋ ದನಿಯನ್ನೂ ಒತ್ತುತ್ತೆ, ಅದಕ್ಕೆ ಬೇರೆ ಬೇರೆ ಮಾಡಿ ಅಂತ ಗೊತ್ತಿಲ್ಲ, ದನಿ ಒಳಗೆ ಹೋಗಿ ಬರೋದು ಆ ಕಾರಣಕ್ಕೆ. ಜೋರು ಅನ್ನೋದನ್ನ ಸ್ವಲ್ಪ ಸ್ವಲ್ಪವಾಗಿ ಬೇರೆ ಬೇರೆ ಕಡೆ ಸಂಪಾದಿಸ್ಬೇಕು, ಕೊನೇಲಿ ಲಿಮಿಟರ್‌ಗೆ ಎರಡು ಮೂರು ಡಿಬಿ ಕೆಲ್ಸ ಉಳಿದಿದ್ರೆ ಸಾಕು.

ಮೊದಲು ಕೆಳಗಿನ ಕಸ ತೆಗೀರಿ. ಅಮ್ಮ ಹಾಡೋ ಶ್ರುತಿ ಯಾವುದು? ಕಪ್ಪು ನಾಲ್ಕು ಅಂತ ಇಟ್ಕೊಳ್ಳೋಣ, ಷಡ್ಜ ಸುಮಾರು 208 ಹರ್ಟ್ಸ್, ಮಂದ್ರ ಪಂಚಮಕ್ಕೆ ಇಳಿದ್ರೂ 156ರ ಹತ್ರ. ಅದರ ಕೆಳಗೆ ಆ ಮೈಕಲ್ಲಿ ಇರೋದು ಫ್ಯಾನಿನ ಗುಂಯ್, ರೋಡಲ್ಲಿ ಹೋಗೋ ಲಾರಿ, ಚಾಪೆ ಮೇಲೆ ಕಾಲು ಅಲ್ಲಾಡಿಸಿದ್ದು, ಪಕ್ಕದ ತಬಲಾ ಸೋರಿದ್ದು. ರೀಪರಲ್ಲೇ ಇರೋ ರಿಯಾಈಕ್ಯೂನಲ್ಲಿ ಹೈಪಾಸ್ (ಕೆಳಗಿನ ಸದ್ದು ಕತ್ತರಿಸೋ ಫಿಲ್ಟರ್) 100 ಹರ್ಟ್ಸಿಗೆ ಇಡಿ, ದನಿಗೆ ಏನೂ ಆಗಲ್ಲ. ತಬಲಾ ಟ್ರ್ಯಾಕಿಗೆ 100 ಬೇಡ ಡಗ್ಗ ಸತ್ತುಹೋಗುತ್ತೆ, 45 ಸಾಕು. ಕಿವಿಗೆ ಕೇಳ್ಸದೇ ಇರೋ ಕೆಳಗಿನ ಸದ್ದು ಮೀಟರ್ ಮೇಲೆ ಮಾತ್ರ ಭಾರೀ ಜಾಗ ತಗೊಂಡಿರುತ್ತೆ, ಇದೊಂದನ್ನ ಎಷ್ಟೋ ಜನ ಮಾಡೋದೇ ಇಲ್ಲ.

ಆಮೇಲೆ ನಿಜವಾದ ಕೆಲ್ಸ, ಇದಕ್ಕೆ ಒಂದು ಗಂಟೆ ಕೂರ್ಬೇಕು. ಅಮ್ಮನ ಟ್ರ್ಯಾಕನ್ನ ಸಾಲು ಸಾಲಾಗಿ ಕತ್ತರಿಸಿ, ಎಸ್ ಒತ್ತಿದ್ರೆ ತುಂಡಾಗುತ್ತೆ, ಎಲ್ಲಿ ಉಸಿರು ತಗೋತಾರೋ ಅಲ್ಲಿ. ಸಣ್ಣಗಿರೋ ಸಾಲನ್ನ ಎರಡೋ ಮೂರೋ ಡಿಬಿ ಏರಿಸಿ, ಮೇಲಿನ ಸ್ಥಾಯಿಗೆ ಹೋದಾಗ ಜೋರಾಗಿರೋ ಸಾಲನ್ನ ಅಷ್ಟೇ ಇಳಿಸಿ. ವಯಸ್ಸಾದವರು ಹಾಡೋವಾಗ ಸಾಲಿನ ಕೊನೇ ಅಕ್ಷರದಲ್ಲಿ ಉಸಿರು ಸಾಲದೇ ದನಿ ಇಳಿಯುತ್ತಲ್ಲ, ಆ ಕೊನೇ ಅಕ್ಷರ ಒಂದನ್ನೇ ಕತ್ತರಿಸಿ ಎರಡು ಡಿಬಿ ಎತ್ತಿ, ಅಂಕಿತನಾಮ ಬರೋದು ಅಲ್ಲೇ, ಕೇಳೋರಿಗೆ ಅದು ಬೇಕು. ಕೈಯಲ್ಲಿ ಮಾಡಿದ್ದು ಕಿವಿಗೆ ಗೊತ್ತಾಗೋದೇ ಇಲ್ಲ, ಯಾವ ಪ್ಲಗಿನ್ನೂ ಇಷ್ಟು ಮೃದುವಾಗಿ ಮಾಡಲ್ಲ.

ಇದಾದ ಮೇಲೆ ಕಂಪ್ರೆಸರ್ ಹಾಕಿ, ಅದು ಜೋರಾದ ಕಡೆ ಮಾತ್ರ ಸದ್ದನ್ನ ಮೆಲ್ಲಗೆ ಒತ್ತುತ್ತೆ, ರೀಪರಿನ ರಿಯಾಕಾಂಪ್ ಸಾಕು, ರೇಶಿಯೋ (ಎಷ್ಟು ಒತ್ತಬೇಕು) 2.5ರಿಂದ 3, ಅಟ್ಯಾಕ್ (ಒತ್ತೋಕೆ ಹಿಡಿಯೋ ಸಮಯ) 15 ಮಿಲಿಸೆಕೆಂಡ್, ರಿಲೀಸ್ (ಬಿಡೋಕೆ ಹಿಡಿಯೋ ಸಮಯ) 120ರ ಹತ್ರ, ಜೋರಾದ ಕಡೆ ಮುಳ್ಳು 3–4 ಡಿಬಿ ಇಳೀಬೇಕು, ಸಣ್ಣಗೆ ಹಾಡಿದ ಕಡೆ ಅಲ್ಲಾಡಲೇಬಾರದು. 'ಸ' ಚುಚ್ಚೋದು ಈ ಹಂತದ ಆಮೇಲೆ ಜಾಸ್ತಿ ಗೊತ್ತಾಗುತ್ತೆ, ಯಾಕಂದ್ರೆ ಸ್ವರ ಒತ್ತಿದ್ರೆ ವ್ಯಂಜನ ಎದ್ದು ಕಾಣುತ್ತೆ, ಅಂಥ ಕಡೆ ಆ ಅಕ್ಷರವನ್ನೂ ಕೈಯಲ್ಲೇ ಇಳಿಸಿ.

ಡಗ್ಗಕ್ಕೆ ಆ ಟ್ರ್ಯಾಕ್ ಮೇಲೇ ಒಂದು ಲಿಮಿಟರ್, ರಿಯಾಲಿಮಿಟ್ ಅಥವಾ ಲೌಡ್‌ಮ್ಯಾಕ್ಸ್. ಏಳೆಂಟು ದೊಡ್ಡ ಪೆಟ್ಟಿಗೆ ಮಾತ್ರ ತಾಗೋ ಹಾಗೆ. ಕೊನೇಲಿ ಮಾಸ್ಟರ್ ಲಿಮಿಟರ್, ಸೀಲಿಂಗ್ (ಪೀಕು ದಾಟಬಾರದ ಮಟ್ಟ) ಮೈನಸ್ 1. ಸೊನ್ನೆಗೆ ಇಡ್ಬೇಡಿ, ಯೂಟ್ಯೂಬ್ ನಿಮ್ಮ ಫೈಲನ್ನ ಬೇರೆ ಫಾರ್ಮ್ಯಾಟಿಗೆ ಬದಲಾಯಿಸೋವಾಗ ಪೀಕುಗಳು ಸ್ವಲ್ಪ ಮೇಲೇಳ್ತವೆ, ನಿಮ್ಮ ಲ್ಯಾಪ್‌ಟಾಪಲ್ಲಿ ಚೆನ್ನಾಗಿದ್ದದ್ದು ಅಲ್ಲಿ ಒಡೆಯೋದು ಹಾಗೆ.

ಒಂದು ಮಾತು ಮರೆತಿದ್ದೆ. ಪ್ರತಿ ಹಂತದಲ್ಲೂ ಹಾಕಿದ್ದು ತೆಗೆದಿದ್ದು ಹೋಲಿಸಿ ಕೇಳೋವಾಗ ಎರಡನ್ನೂ ಒಂದೇ ಜೋರಿಗೆ ತಂದು ಕೇಳಿ. ಜೋರಾಗಿರೋದು ಯಾವಾಗ್ಲೂ ಕಿವಿಗೆ ಚೆನ್ನಾಗೇ ಅನ್ಸುತ್ತೆ, ಕೆಟ್ಟಿದ್ದು ಗೊತ್ತಾಗಲ್ಲ. ನಾನು ಈ ತಪ್ಪಲ್ಲಿ ಒಂದು ವರ್ಷ ಕಳೆದಿದೀನಿ.


ಕಡಲಕರೆ_ಆಡಿಯೋ:

ಯೂಟ್ಯೂಬಿನ ವಿಷಯ ಸ್ವಲ್ಪ ಹೇಳ್ತೇನೆ. ಅಲ್ಲಿ ಮೈನಸ್ 14 ಲಫ್ಸಿಗಿಂತ ಜೋರಾಗಿ ಹಾಕಿದ್ರೆ ಅವರೇ ಕೆಳಗೆ ಇಳಿಸ್ತಾರೆ, ಆದ್ರೆ ಸಣ್ಣಗೆ ಹಾಕಿದ್ದನ್ನು ಮೇಲೆ ಏರಿಸುವುದಿಲ್ಲ. ನಿಮ್ಮ ಅತ್ತೆ ಬೆಚ್ಚಿಬಿದ್ದದ್ದು ಅದಕ್ಕೇ, ನಿಮ್ಮದು ಇದ್ದಲ್ಲೇ ಉಳಿಯಿತು, ಮುಂದಿನ ಹಾಡು ಅವರ ಅಳತೆಗೆ ಸರಿಯಾಗಿ ಬಂತು. ಕಂಪ್ಯೂಟರಲ್ಲಿ ನಿಮ್ಮ ವೀಡಿಯೊ ಹಾಕಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಸ್ಟಾಟ್ಸ್ ಫಾರ್ ನರ್ಡ್ಸ್ ಅಂತ ಉಂಟು, ಅದರಲ್ಲಿ ಕಂಟೆಂಟ್ ಲೌಡ್‌ನೆಸ್ ನೋಡಿ. ಮೈನಸ್ 11.8ರ ಹತ್ರ ತೋರಿಸ್ಬೇಕು ನಿಮಗೆ. ಅಷ್ಟು ಡಿಬಿ ಕಮ್ಮಿ ಅಂತ ಅರ್ಥ. ಹಾಗೆ ನೋಡುವಾಗ ಸ್ಟೇಬಲ್ ವಾಲ್ಯೂಮ್ ಆಫ್ ಮಾಡಿ, ಅದು ಇದ್ರೆ ಅವರ ಕಂಪ್ರೆಶನ್ ಸೇರಿ ಬೇರೆ ಥರ ಕೇಳ್ತದೆ.

ಮೈನಸ್ 9ಕ್ಕೆ ತರ್ಬೇಕು ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ ಮಾರಾಯ್ರೆ. ಹಾಡನ್ನು ಹಿಂಡಿ ಹಿಪ್ಪೆ ಮಾಡಿ ಅಷ್ಟಕ್ಕೆ ತಂದ್ರೂ ಅವರು 5 ಡಿಬಿ ಇಳಿಸಿಯೇ ಬಿಡ್ತಾರೆ, ನಿಮಗೆ ಉಳಿಯುವುದು ಹಿಪ್ಪೆ ಮಾತ್ರ. ಒಬ್ಬರೇ ಕೂತು ಹಾಡುವ ದಾಸರ ಪದಕ್ಕೆ ಮೈನಸ್ 16 ಧಾರಾಳ ಆಯ್ತು.

ಮತ್ತೆ ಈ ಹಾಡು ಕೇಳುವವರು ಹೆಚ್ಚಿನವರು ಫೋನಿನ ಸ್ಪೀಕರಲ್ಲೇ ಅಲ್ವಾ. ಆ ಪುಟ್ಟ ಸ್ಪೀಕರಿನಲ್ಲಿ ಡಗ್ಗದ ಕೆಳಗಿನ ಗುಂಕಾರ ಬರುವುದೇ ಇಲ್ಲ. ಹಾಗಾಗಿ ಜಾಗ ಎಲ್ಲ ತಿಂದು ಹಾಕುವ ಆ ಸದ್ದು ನಿಮ್ಮ ಅತ್ತೆಗೆ ಮುಟ್ಟಿಯೇ ಇಲ್ಲ! ನಾನು ತಬಲಾ ಟ್ರ್ಯಾಕಿಗೆ ಸ್ವಲ್ಪ ಸ್ಯಾಚುರೇಶನ್ (ಬೇಕಂತಲೇ ಸದ್ದನ್ನು ಒಂಚೂರು ಒಡೆಯುವುದು) ಹಾಕ್ತೇನೆ, ಮೇಲಿನ ಹಾರ್ಮೋನಿಕ್ಸ್ (ಮೂಲ ಸದ್ದಿನ ಜೊತೆ ಬರುವ ಮೇಲಿನ ನಾದಗಳು) ಹುಟ್ಟಿ ಸಣ್ಣ ಸ್ಪೀಕರಲ್ಲೂ ಡಗ್ಗ ಇದೆ ಅಂತ ಗೊತ್ತಾಗ್ತದೆ, ಪೀಕೂ ತಗ್ಗುತ್ತದೆ.


ಮೀಟರ್_ನೋಡಿ:

ಸ್ಯಾಚುರೇಶನ್ ಇಲ್ಲಿ ಬೇಡ ಅಂತೀನಿ ಸರ್, ಅದೇ ಮೈಕಲ್ಲಿ ಹಾರ್ಮೋನಿಯಮ್ಮೂ ಇದೆಯಲ್ಲ. ರೀಡಿನ ಸದ್ದಲ್ಲಿ ಮೊದಲೇ ಹಾರ್ಮೋನಿಕ್ಸ್ ತುಂಬಿರುತ್ತೆ, ಎರಡು ಮೂರು ಸ್ವರ ಒಟ್ಟಿಗೆ ಒತ್ತಿದಾಗ ಸ್ಯಾಚುರೇಶನ್ ಹಾಕಿದ್ರೆ ಕರಕರ ಅಂತ ಬೇರೆಯೇ ಸ್ವರ ಹುಟ್ಟುತ್ತೆ. ತಬಲಾಕ್ಕೆ ಬೇರೆ ಮೈಕ್ ಇದ್ದಿದ್ರೆ ನಿಮ್ಮ ಮಾತು ಖಂಡಿತ ಸರಿ.


ಕಡಲಕರೆ_ಆಡಿಯೋ:

ಹೌದು, ಒಂದೇ ಮೈಕು ಅಂತ ನಾನು ಗಮನಿಸಿರಲಿಲ್ಲ. ಬೇಡ ಹಾಗಾದ್ರೆ.


ಹಳೇ_ಮುಳ್ಳು:

ನೋಡವಾ ತಂಗಿ, ಎಲ್ಲಾರೂ ಕಂಪ್ಯೂಟರಿನ ಮಾತ ಹೇಳ್ಯಾರ, ಛಲೋನ ಹೇಳ್ಯಾರ. ನಾ ಮೈಕಿನ ಮುಂದಿನ ಮಾತ ಹೇಳ್ತೀನಿ. ನಾ ಟೇಪಿನ ಕಾಲದಾಗ ರೆಕಾರ್ಡಿಂಗ್ ಮಾಡಿದಾಂವ, ಧಾರವಾಡದ ಕಡೀಂವ. ಆವಾಗ ನಮ್ಮ ಮುಂದ ಇದ್ದದ್ದು ವಿಯು ಮೀಟರ್. ಅದರ ಮುಳ್ಳು ನಿಧಾನಕ್ಕ ಏಳತದ, 300 ಮಿಲಿಸೆಕೆಂಡ್ ಬೇಕು ಅದಕ್ಕ, ಅಂದ್ರ ತಬಲಾದ ಪೆಟ್ಟು ಅದಕ್ಕ ಕಾಣಂಗೇ ಇಲ್ಲ, ಸರಾಸರಿ ಧ್ವನಿ ಅಷ್ಟ ತೋರಸ್ತದ. ಪೆಟ್ಟು ಜಾಸ್ತಿ ಆದ್ರ ಟೇಪ್ ಮೆತ್ತಗ ನುಂಗಿಕೋತಿತ್ತು. ಈಗಿನ ಮೀಟರ್ ಪೀಕ್ ತೋರಸ್ತದ, ನೀವು ಪೀಕ್ ನೋಡಿ ಹೆದರಿ ಗೇನ್ (ಮೈಕಿನ ಸಪ್ಪಳ ಒಳಗ ತೊಗೊಳ್ಳೋ ಮಟ್ಟ) ಇಳಸ್ತೀರಿ, ದನಿ ಕೆಳಗ ಉಳೀತದ.

ಅದಕ್ಕ ಹಾಡೋ ಮೊದಲ ಕೂಡೋ ಜಾಗಾ ಸರಿ ಮಾಡ್ರಿ. ತಾಯಿಯವರ ಮೈಕ್ ಎಷ್ಟು ದೂರ ಇಟ್ಟೀರಿ? ಎರಡು ಫೂಟ್ ಇದ್ರ ಒಂದು ಫೂಟಿಗೆ ತರ್ರಿ. ದೂರ ಅರ್ಧ ಆದ್ರ ನೇರ ಬರೋ ದನಿ 6 ಡಿಬಿ ಏರತದ, ಯಾವ ಯಂತ್ರಾನೂ ಬ್ಯಾಡ, ಒಂದು ಪೈಸಾ ಖರ್ಚಿಲ್ಲ. ಮತ್ತ ಗ್ವಾಡಿಗೆ ಬಡದು ಬರೋ ಸಪ್ಪಳ, ತಬಲಾದ ಸಪ್ಪಳ ಎಲ್ಲಾ ಅಷ್ಟಕ್ಕಷ್ಟ ಹಿಂದ ಸರೀತದ. ಬಾಯಿಗೆ ನೇರ ಇಡಬ್ಯಾಡ್ರಿ, ಗದ್ದದ ಮಟ್ಟಕ್ಕ, ಒಂಚೂರು ಓರಿ ಮಾಡಿ ಇಡ್ರಿ, 'ಪ' 'ಬ' ಬಂದಾಗ ಗಾಳಿ ಹೊಡ್ಯಂಗಿಲ್ಲ. ಆದ್ರ ಭಾಳ ಹತ್ರ ತಂದ್ರ ದನಿ ದಪ್ಪ ಆಗತದ, ಆ ಮೈಕುಗಳ ಸ್ವಭಾವನ ಹಂಗ. ಒಂದು ಗೇಣಿಗಿಂತ ಹತ್ರ ಬ್ಯಾಡ.

ತಬಲಾ ಹುಡುಗನ್ನ ತಾಯಿಯವರ ಮೈಕಿನ ಬೆನ್ನಿಗೆ ಕೂಡಸ್ರಿ. ಆ ಮೈಕಿಗೆ ಬೆನ್ನ ಕಡೆ ಕಿವಿ ಮಂದ. ಇನ್ನೊಂದು ಮೈಕ್ ನಡುವ ಇಡೋದು ಬಿಟ್ಟು ಹಾರ್ಮೋನಿಯಂ ಕಡೆ ಸರಸ್ರಿ, ತಬಲಾ ಹೆಂಗಿದ್ರೂ ತಾನ ಬಂದು ಬೀಳತದ. ಡಗ್ಗಾದ ಕೆಳಗ ದಪ್ಪ ಸಿಂಬಿ ಹಾಕಿ, ಚಾಪಿ ಮ್ಯಾಲೆ ಒಂದು ಕೌದಿ ಹಾಸ್ರಿ. ಗೋಡಿಗೂ ಒಂದು ಕೌದಿ ಇಳೀಬಿಡ್ರಿ, ತಾಯಿಯವರ ಎದುರು. ಫ್ಯಾನ್ ಬಂದ್. 10 ಡಿಬಿ ಹಾಡು ಏರಿಸಿದ್ರ ಫ್ಯಾನಿನ ಸಪ್ಪಳಾನೂ 10 ಡಿಬಿ ಏರತದ, ಅದು ನೆನಪಿರಲಿ.

ತಬಲಾ ಆಮ್ಯಾಲೆ ಬ್ಯಾರೆ ರೆಕಾರ್ಡ್ ಮಾಡಿ ಸೇರಸ್ರಿ ಅಂತ ಯಾರಾರ ಹೇಳಬಹುದು. ವಯಸ್ಸಾದವರಿಗೆ ಕಿವಿಗೆ ಹೆಡ್‌ಫೋನ್ ಹಾಕಿ, ತಾಳ ಇಲ್ಲದ ಹಾಡಂದ್ರ ಹಾಡು ಸತ್ತು ಹೋಗತದ. ಅವರು ಹೆಂಗ ಕೂತು ಹಾಡ್ತಾರೋ ಹಂಗ ಹಾಡ್ಲಿ, ನಾವು ನಮ್ಮ ಮೈಕ್ ಹೊಂದಿಸಿಕೋಬೇಕು.


ಶ್ರುತಿಪೆಟ್ಟಿಗೆ:

ಅಂಕಲ್, ನೀವು ಹೇಳಿದ್ದು ಓದಿ ಅಳೆದು ನೋಡ್ದೆ, ಅಮ್ಮನ ಮೈಕು ಎರಡೂಕಾಲು ಅಡಿ ದೂರ ಇತ್ತು! ವೀಡಿಯೊದಲ್ಲಿ ಮುಖಕ್ಕೆ ಅಡ್ಡ ಬರುತ್ತೆ ಅಂತ ನಾನೇ ದೂರ ಇಟ್ಟಿದ್ದೆ.

ಹೊಸದಾಗಿ ರೆಕಾರ್ಡ್ ಮಾಡೋವಾಗ ಗೇನ್ ಎಷ್ಟಿಡ್ಲಿ? ಮುಂಚೆ ತಬಲಾದ ಕಡೆ ಇಂಟರ್ಫೇಸಲ್ಲೂ ಒಮ್ಮೊಮ್ಮೆ ಕೆಂಪು ಬರ್ತಿತ್ತು.


ಮೀಟರ್_ನೋಡಿ:

ಅಯ್ಯೋ, ಹಾಗಾದ್ರೆ ಒಂದಿಷ್ಟು ಪೆಟ್ಟು ಒಳಗೆ ಬರೋವಾಗ್ಲೇ ಒಡೆದಿದೆ, ಅದನ್ನ ಆಮೇಲೆ ಏನ್ ಮಾಡಿದ್ರೂ ಪೂರ್ತಿ ಸರಿ ಮಾಡೋಕಾಗಲ್ಲ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ತಮ್ಮನ ಹತ್ರ ಅತೀ ಜೋರಾದ ಪೆಟ್ಟು ಹೊಡೆಸಿ ಅದು ಮೈನಸ್ 10 ದಾಟದ ಹಾಗೆ ಗೇನ್ ಇಡಿ. ರೆಕಾರ್ಡ್ ಮಾಡೋವಾಗ ಸಣ್ಣಗಿದ್ರೆ ಭಯ ಬೇಡ. ಒಂದು ಬಿಟ್ಟಿಗೆ ಸುಮಾರು 6 ಡಿಬಿ ಲೆಕ್ಕ, 16 ಬಿಟ್‌ಗೆ 96, 24ಕ್ಕೆ 144 ಆಗುತ್ತೆ, ನಿಮ್ಮ ನಡುಮನೆ ಸದ್ದು ಅದಕ್ಕಿಂತ ಎಷ್ಟೋ ಮೇಲಿರುತ್ತೆ. ಜೋರು ಆಮೇಲೆ ಮಾಡ್ಕೋಬಹುದು. ಒಡೆದದ್ದು ಒಡೆದ ಹಾಗೇ.


ಶ್ರುತಿಪೆಟ್ಟಿಗೆ:

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಭಾನುವಾರ ಬೆಳಗ್ಗೆ ಐದೂವರೆಗೆ ಎದ್ದು ರೋಡಲ್ಲಿ ಗಾಡಿ ಶುರುವಾಗೋ ಮುಂಚೆ ಕೂತ್ವಿ. ಅಜ್ಜಿ ಕಾಲದ ಕೌದಿ ಎರಡು ಅಟ್ಟದ ಮೇಲಿದ್ವು, ಒಂದು ಗೋಡೆಗೆ ಮೊಳೆ ಹೊಡೆದು ಇಳಿಬಿಟ್ವಿ, ಒಂದನ್ನ ತಬಲಾ ಕೆಳಗೆ ಹಾಸಿದ್ವಿ. ಅಮ್ಮನ ಮೈಕು ಒಂದಡಿಗೆ, ಗದ್ದದ ಮಟ್ಟಕ್ಕೆ. ತಮ್ಮನ್ನ ಮೈಕಿನ ಬೆನ್ನಿಗೆ ಕೂರಿಸಿದ್ವಿ, ಇದರಿಂದ ಒಂದು ಒಳ್ಳೇದಾಯ್ತು, ಅವನು ಈಗ ಅಮ್ಮನ ಎದುರಿಗೇ ಕೂತ್ಕೊಂಡು ಬಾಯಿ ನೋಡ್ಕೊಂಡು ಬಾರಿಸ್ತಾನೆ, ಮುಕ್ತಾಯಗಳು ಸರಿಯಾಗಿ ಬೀಳ್ತಿವೆ.

ಸಾಲು ಸಾಲಾಗಿ ಕತ್ತರಿಸೋದಕ್ಕೆ ನನಗೆ ಎರಡೂವರೆ ಗಂಟೆ ಬೇಕಾಯ್ತು. ಕೊನೇ ಚರಣದಲ್ಲಿ "ವಿಠಲ" ಅನ್ನೋ ಕಡೆ 'ಲ' ಪ್ರತಿ ಸಲ ಉಸಿರಲ್ಲೇ ಮುಳುಗಿಹೋಗ್ತಿತ್ತು, ಅದೊಂದನ್ನೇ ಎರಡೂವರೆ ಡಿಬಿ ಎತ್ತಿದೆ, ಈಗ ಸ್ಪಷ್ಟವಾಗಿ ಕೇಳುತ್ತೆ, ಎತ್ತಿದ್ದು ಅಂತ ಗೊತ್ತಾಗಲ್ಲ. ಕಂಪ್ರೆಸರ್ ಮುಳ್ಳು ಮೇಲಿನ ಸ್ಥಾಯಿಲಿ ಮಾತ್ರ 3 ಇಳಿಯುತ್ತೆ. ಕೊನೇ ಲಿಮಿಟರ್ 2 ಡಿಬಿ ಮುಟ್ಟುತ್ತೆ ಅಷ್ಟೆ. ಪೂರ್ತಿ ಹಾಡು ಮೈನಸ್ 16.3 ಲಫ್ಸ್, ಪೀಕು ಮೈನಸ್ 1. ಯೂಟ್ಯೂಬಲ್ಲಿ ಮುಂಚೆ ಮೈನಸ್ 11.8 ಅಂತ ಇದ್ದದ್ದು, ನೀವು ಹೇಳಿದ ನಂಬರೇ ಇತ್ತು, ಈಗ ಮೈನಸ್ 2.3.

ಅಮ್ಮ ಫೋನಲ್ಲಿ ಎರಡು ಸಲ ಕೇಳಿದ್ರು. ಎರಡನೇ ಚರಣದಲ್ಲಿ ತಾವು ಒಂದು ಕಡೆ ಶ್ರುತಿ ಬಿಟ್ಟಿದೀನಿ, ಇನ್ನೊಂದ್ಸಲ ಹಾಡ್ತೀನಿ ಅಂದ್ರು. ಮುಂಚೆ ಅದು ಕೇಳಿಸ್ತಲೇ ಇರ್ಲಿಲ್ಲ.

ಇನ್ನೊಂದು ಪ್ರಶ್ನೆ, ಮುಂಚೆ ಹಾಕಿರೋ ಹನ್ನೊಂದು ವೀಡಿಯೊ ಇದೆ, ಅದರ ಆಡಿಯೋ ಮಾತ್ರ ಬದಲಾಯಿಸೋಕಾಗುತ್ತಾ? ಮತ್ತೆ ಅತ್ತೆಗೆ ವಾಟ್ಸಾಪಲ್ಲಿ ಕಳಿಸಿದ್ರೆ ಸದ್ದು ಕೆಡುತ್ತಾ?


ಕಡಲಕರೆ_ಆಡಿಯೋ:

ಹಾಕಿದ ವೀಡಿಯೊದ ಆಡಿಯೋ ತೆಗೆದು ನಿಮ್ಮ ಹೊಸ ಫೈಲ್ ಹಾಕಲಿಕ್ಕೆ ಆಗುವುದಿಲ್ಲ, ಪುನಃ ಅಪ್ಲೋಡ್ ಮಾಡ್ಬೇಕು. ಹಳೆಯದನ್ನು ಡಿಲೀಟ್ ಮಾಡ್ಬೇಡಿ, ಕಮೆಂಟು ಬಂದಿರ್ತದೆ, ಡಿಸ್ಕ್ರಿಪ್ಶನ್ನಲ್ಲಿ ಹೊಸದರ ಲಿಂಕ್ ಕೊಡಿ. ವಾಟ್ಸಾಪಲ್ಲಿ ಆಡಿಯೋ ಫೈಲನ್ನು ಡಾಕ್ಯುಮೆಂಟ್ ಮಾಡಿ ಕಳಿಸಿ, ಇದ್ದ ಹಾಗೇ ಹೋಗ್ತದೆ.


ಹಳೇ_ಮುಳ್ಳು:

ತಂಗಿ, ಆ ಹನ್ನೊಂದು ಹಾಡೂ ಕೌದಿ ಹಾಕಿ ಇನ್ನೊಮ್ಮೆ ಹಾಡಸ್ರಿ, ತಾಯಿಯವರಿಗೆ ತ್ರಾಸ ಆಗದಂಗ ದಿನಾ ಒಂದರಂಗ. ಮತ್ತ ಕತ್ತರಿಸೋ ಮೊದಲಿನ ಮೂಲ ರೆಕಾರ್ಡಿಂಗ್ ಒಂದು ಬ್ಯಾರೆ ಹಾರ್ಡ್ ಡಿಸ್ಕಿನ್ಯಾಗ ಇಡ್ರಿ, 24 ಬಿಟ್ಟಿಂದನ, ಮೇಲೆ ಹಾಡಿನ ಮೊದಲ ಸಾಲು, ತಾರೀಖು, ಶ್ರುತಿ ಬರದು.


ಶ್ರುತಿಪೆಟ್ಟಿಗೆ:

ಆಯ್ತು ಅಂಕಲ್, ಹಾಗೇ ಮಾಡ್ತೀನಿ. ನಾಳೆ ಬೆಳಗ್ಗೆ ಎರಡು ಹಸೆ ಹಾಡು ಇಟ್ಕೊಂಡಿದೀವಿ, ಅದಕ್ಕೆ ತಬಲಾ ಇಲ್ಲ, ಅಮ್ಮನೂ ದೊಡ್ಡಮ್ಮನೂ ಇಬ್ರೇ.